ಬೆಳಕಿನ ಬಣ್ಣ, ಶಾಯಿಯ ಬಣ್ಣ

ಭೂತಗನ್ನಡಿಯೊಂದನ್ನು ಹಿಡಿದು ಕಂಪ್ಯೂಟರಿನ ಪರದೆಯನ್ನು ನೋಡಿ. ಬಿಳಿಯಾಗಿ ಕಾಣುವ ಜಾಗದಲ್ಲಿ ಬಿಳಿ ಇರುವುದೇ ಇಲ್ಲ; ಕೆಂಪು, ಹಸಿರು, ನೀಲಿ ಚುಕ್ಕೆಗಳು ಒಟ್ಟಿಗೆ ಬೆಳಗುತ್ತಿರುತ್ತವೆ. ಅದೇ ಗಾಜನ್ನು ಪತ್ರಿಕೆಯ ವರ್ಣಚಿತ್ರದ ಮೇಲಿಡಿ. ಅಲ್ಲಿರುವುದು ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ಕಡುಗುಲಾಬಿ, ಹಳದಿ ಮತ್ತು ಕಪ್ಪು ಶಾಯಿಯ ಚುಕ್ಕೆಗಳು. ಪರದೆಯ ಮೇಲೆ ಹೊಳೆಯುತ್ತಿದ್ದ ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ಮಂಕಾಗಿದೆಯೆಂದು ಮುದ್ರಕನನ್ನು ದೂರುವವರುಂಟು. ತಪ್ಪು ಯಾವಾಗಲೂ ಅವನದಲ್ಲ. ಇದರ ಹಿಂದೆ ಸುಮಾರು 300 ವರ್ಷಗಳ ಚರಿತ್ರೆಯಿದೆ.

ಬಿಳಿ ಬೆಳಕಿನೊಳಗೆ ಎಲ್ಲ ಬಣ್ಣಗಳೂ ಅಡಗಿವೆಯೆಂಬುದನ್ನು ನ್ಯೂಟನ್ 1704ರ ತನ್ನ ‘ಆಪ್ಟಿಕ್ಸ್’ ಗ್ರಂಥದಲ್ಲಿ ವಿವರಿಸಿದ. ಇದನ್ನು ಮುದ್ರಣಕ್ಕೆ ತಂದು ಯೋಚಿಸಿದವನು ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಯಾಕೋಬ್ ಕ್ರಿಸ್ಟಾಫ್ ಲೆ ಬ್ಲಾನ್ (1667–1741). ನೀಲಿ, ಹಳದಿ, ಕೆಂಪಿಗೆ ಒಂದೊಂದು ತಾಮ್ರದ ಫಲಕ ಮಾಡಿ, ಒಂದರ ಮೇಲೊಂದು ಒತ್ತಿ ಅವನು ಪೂರ್ಣ ವರ್ಣಚಿತ್ರ ತೆಗೆದ. ಬೇಕಾದಾಗ ಕಪ್ಪಿಗೊಂದು ಫಲಕ ಸೇರಿಸಿದ. ಬೆಳಕಿನ ಬಣ್ಣಗಳು ಕೂಡಿದರೆ ಬಿಳಿ, ವಸ್ತುವಿನ ಬಣ್ಣಗಳು ಕೂಡಿದರೆ ಕಪ್ಪು ಎಂಬ ಭೇದವನ್ನು ಲಂಡನ್ನಿನಲ್ಲಿ ಪ್ರಕಟಿಸಿದ ‘ಕೊಲೊರಿಟೊ’ ಪುಸ್ತಕದಲ್ಲಿ ಬರೆದಿಟ್ಟ. ವ್ಯಾಪಾರದಲ್ಲಿ ಸೋತರೂ ಅವನ ಸೂತ್ರ ಉಳಿಯಿತು.

ಬೆಳಕಿನ ಕಡೆಯ ಪ್ರಯೋಗ ನಡೆದದ್ದು 1861ರಲ್ಲಿ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಪಟ್ಟೆಪಟ್ಟೆಯ ರಿಬ್ಬನ್ನೊಂದನ್ನು ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಬೇರೆಬೇರೆಯಾಗಿ ಛಾಯಾಚಿತ್ರ ತೆಗೆಸಿ, ಅವನ್ನು ಒಂದೇ ತೆರೆಯ ಮೇಲೆ ಕೂಡಿಸಿ ತೋರಿಸಿದ. ಇಂದಿನ ಪರದೆಗಳೆಲ್ಲ ಆ ತತ್ತ್ವದ ಸಂತಾನ.

ಎರಡು ದಾರಿಗಳೂ ತದ್ವಿರುದ್ಧ. ಪರದೆ ಕತ್ತಲೆಗೆ ಬೆಳಕನ್ನು ಕೂಡಿಸುತ್ತದೆ; ಶಾಯಿ ಬಿಳಿ ಕಾಗದದಿಂದ ಮರಳುವ ಬೆಳಕನ್ನು ಕಳೆಯುತ್ತದೆ. ಸಯಾನ್ ಕೆಂಪನ್ನು ಹೀರುತ್ತದೆ, ಮೆಜೆಂಟಾ ಹಸಿರನ್ನು, ಹಳದಿ ನೀಲಿಯನ್ನು. ಮೂರೂ ಸೇರಿದರೆ ಕಪ್ಪಾಗಬೇಕು. ಆದರೆ ಶಾಯಿಗಳು ಅಷ್ಟು ಶುದ್ಧವಲ್ಲದ ಕಾರಣ ಕೆಸರಿನಂಥ ಕಂದು ಬರುತ್ತದೆ. ಆದ್ದರಿಂದಲೇ ನಾಲ್ಕನೆಯದಾಗಿ ಕಪ್ಪು. ನಾಲ್ಕನ್ನೂ ತುಂಬ ಒತ್ತಿದರೆ ಶಾಯಿಯ ಮೊತ್ತ ಶೇ. 400 ಆಗುತ್ತದೆ. ಪತ್ರಿಕೆಯ ಕಾಗದ ತಾಳುವುದು ಸುಮಾರು 240. ಮೀರಿದರೆ ಶಾಯಿ ಒಣಗದೆ ಎದುರಿನ ಪುಟಕ್ಕೆ ಅಂಟುತ್ತದೆ.

ಪರದೆಯ ಉಜ್ವಲ ಹಸಿರು, ಕಡುನೀಲಿಗಳಲ್ಲಿ ಹಲವು ಈ ಶಾಯಿಗಳ ಅಳವಿಗೆ ಸಿಗುವುದಿಲ್ಲ. ಪರಿವರ್ತಿಸುವಾಗ ಎರಡರಲ್ಲೊಂದನ್ನು ಆರಿಸಬೇಕು: ಸಿಗದ ಬಣ್ಣವನ್ನಷ್ಟೇ ಹತ್ತಿರದ ಬಣ್ಣಕ್ಕೆ ತಂದು ಉಳಿದವನ್ನು ಹಾಗೆಯೇ ಬಿಡುವುದು, ಇಲ್ಲವೇ ಚಿತ್ರದ ಎಲ್ಲ ಬಣ್ಣಗಳನ್ನೂ ಸ್ವಲ್ಪಸ್ವಲ್ಪ ತಗ್ಗಿಸಿ ಅವುಗಳ ಪರಸ್ಪರ ಸಂಬಂಧ ಕಾಯುವುದು.

ಈ ತೀರ್ಮಾನ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದಾಗ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಚ್ಚು ಬೇಕಿತ್ತು. ತೈಲಚಿತ್ರದ ಸೀರೆಯ ಕೆಂಪನ್ನು ಯಾವ ಕಲ್ಲುಗಳಿಗೆ ಎಷ್ಟು ಹಂಚಬೇಕೆಂಬುದನ್ನು ನಿರ್ಧರಿಸಿದ್ದು ಕುಶಲಕರ್ಮಿಯ ಕಣ್ಣು. ದೇವರ ಕೋಣೆಗಳಲ್ಲಿ ಜನ ಪೂಜಿಸಿದ ಲಕ್ಷ್ಮಿ, ಸರಸ್ವತಿಯರ ಬಣ್ಣ ಆ ಕಣ್ಣು ಆರಿಸಿದ್ದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲಚಿತ್ರಗಳನ್ನು ಕಂಡವರಿಗೆ ಅಚ್ಚಿಗೂ ಮೂಲಕ್ಕೂ ಇರುವ ಅಂತರ ತಿಳಿದೀತು.

ಆ ಅಂತರವನ್ನು ಅಳೆಯಲು ಮೂಲ ಉಳಿದಿರಬೇಕು. ಒಮ್ಮೆ ಶಾಯಿಯ ಲೆಕ್ಕಕ್ಕೆ ಇಳಿಸಿ ಉಳಿಸಿಟ್ಟ ಚಿತ್ರವನ್ನು ಮತ್ತೆ ಪರದೆಯ ಲೆಕ್ಕಕ್ಕೆ ಏರಿಸಿದರೆ ಕಳೆದ ಬಣ್ಣ ಮರಳುವುದಿಲ್ಲ. ಮಾಸುತ್ತಿರುವ ಭಿತ್ತಿಚಿತ್ರದ, ಹಳೆಯ ಹಸ್ತಪ್ರತಿಯ ಫೋಟೋ ಮುದ್ರಣದ ಪ್ರತಿಯಾಗಿ ಮಾತ್ರ ಉಳಿದರೆ ಮುಂದಿನವರಿಗೆ ಸಿಗುವುದು ಯಾರೋ ಆರಿಸಿಬಿಟ್ಟ ಬಣ್ಣ. ಅಚ್ಚಿಗೆ ನಕಲನ್ನು ಕಳಿಸಿ, ಮೂಲವನ್ನು ಮುಟ್ಟದೆ ಇಡುವುದೇ ಜಾಣತನ.