ಶಟರ್‌ನ ಅವಧಿ, ರೆಕ್ಕೆಯ ಚಲನೆ

ಹಾರುವ ಹಕ್ಕಿಯ ಛಾಯಾಚಿತ್ರದಲ್ಲಿ ಒಂದೊಂದು ಗರಿಯೂ ಎಣಿಸುವಷ್ಟು ಸ್ಪಷ್ಟವಾಗಿರಬೇಕು ಎಂಬ ನಂಬಿಕೆ ಕ್ಯಾಮೆರಾ ಹಿಡಿಯುವವರಲ್ಲಿಯೂ ಚಿತ್ರ ನೋಡುವವರಲ್ಲಿಯೂ ಬೇರೂರಿದೆ. ಇದು ಬುಡವಿಲ್ಲದ ನಂಬಿಕೆಯಲ್ಲ; ಬರಿಗಣ್ಣಿಗೆ ದಕ್ಕದ ರೆಕ್ಕೆಯ ಭಂಗಿಗಳನ್ನು ತೋರಿಸಿಕೊಟ್ಟದ್ದೇ ಅತಿ ಕಿರಿದಾದ ಅವಧಿಯ ಛಾಯಾಗ್ರಹಣ. ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್ ಜೂಲ್ ಮಾರೆ 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾವೊಂದನ್ನು ರೂಪಿಸಿ, ಇಟಲಿಯ ನೇಪಲ್ಸ್ ನಗರದ ಬಳಿ ಕಡಲಹಕ್ಕಿಗಳತ್ತ ಗುರಿಯಿಟ್ಟಾಗ, ಅದರೊಳಗೆ ತಿರುಗುತ್ತಿದ್ದ ಗಾಜಿನ ಫಲಕದ ಮೇಲೆ ಸೆಕೆಂಡಿಗೆ 12 ಚಿತ್ರಗಳು ಮೂಡಿದವು. ಒಂದೊಂದಕ್ಕೂ ಬೆಳಕು ಬಿದ್ದದ್ದು ಸೆಕೆಂಡಿನ 720ನೆಯ ಒಂದು ಭಾಗದಷ್ಟು ಕಾಲ ಮಾತ್ರ. ಆದರೆ ಮಾರೆ ಅಷ್ಟಕ್ಕೇ ನಿಲ್ಲಲಿಲ್ಲ. ಚಲನೆಯ ದಾರಿಯನ್ನು ಒಟ್ಟಾಗಿ ಕಾಣಬೇಕೆಂದು ಆತ ಕಪ್ಪು ಹಿನ್ನೆಲೆಯ ಮುಂದೆ ಬಿಳಿಯ ಹಕ್ಕಿಯನ್ನು ಹಾರಿಸಿ, ಅದರ ಅನೇಕ ಭಂಗಿಗಳು ಒಂದೇ ಫಲಕದ ಮೇಲೆ, ಕೆಲವೆಡೆ ಒಂದರ ಮೇಲೊಂದು ಹಾಯ್ದು ಬೀಳುವಂತೆ ಮಾಡಿದ. ಹಕ್ಕಿಗಳ ಹಾರಾಟವನ್ನು ಕುರಿತು 1890ರಲ್ಲಿ ಪ್ರಕಟವಾದ ಆತನ ಗ್ರಂಥದ ಹಿಂದೆ ಈ ಬಗೆಯ ಚಿತ್ರಗಳ ದುಡಿಮೆಯಿದೆ.

ಕ್ಯಾಮೆರಾದೊಳಗೆ ಬೆಳಕು ಎಷ್ಟು ಹೊತ್ತು ಬೀಳಬೇಕೆಂಬುದನ್ನು ನಿಯಂತ್ರಿಸುವ ತೆರೆಯೇ ಶಟರ್. ಅದು ತೆರೆದಿರುವ ಅವಧಿಯನ್ನು ರೂಢಿಯಲ್ಲಿ ಶಟರ್ ಸ್ಪೀಡ್ ಎನ್ನುತ್ತಾರೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುವ ಹಕ್ಕಿಯೊಂದು ಸೆಕೆಂಡಿನ 2000ನೆಯ ಒಂದು ಭಾಗದಲ್ಲಿ ಕೇವಲ 5 ಮಿಲಿಮೀಟರ್ ಸಾಗುತ್ತದೆ, 30ನೆಯ ಒಂದು ಭಾಗದಲ್ಲಾದರೋ ಸುಮಾರು 33 ಸೆಂಟಿಮೀಟರ್ ಸಾಗುತ್ತದೆ. ಹಾಗಾಗಿ ತೀರಾ ಸ್ಪಷ್ಟವಾಗಿ ಕಾಣುವ ಚಿತ್ರದಲ್ಲಿಯೂ ಕಾಲ ಇಲ್ಲದಿಲ್ಲ, ಅದು ಕಣ್ಣಿಗೆ ಕಾಣದಷ್ಟು ಕಿರಿದಾಗಿದೆ ಅಷ್ಟೆ. ಅವಧಿಯನ್ನು ಹಿಗ್ಗಿಸಿದಾಗ ಒಳಬರುವ ಬೆಳಕು ಅರುವತ್ತು ಪಟ್ಟಿಗೂ ಮಿಗುವುದರಿಂದ, ಲೆನ್ಸಿನ ಕಂಡಿಯಾದ ಅಪರ್ಚರನ್ನು ಕಿರಿದುಗೊಳಿಸಿ, ಸೆನ್ಸರಿನ ಬೆಳಕುಗ್ರಾಹಿತ್ವವನ್ನು ಸೂಚಿಸುವ ಐಎಸ್‌ಒ ಅಂಕಿಯನ್ನು ಇಳಿಸಬೇಕಾಗುತ್ತದೆ. ಸೂರ್ಯ ಮೇಲೇರುವ ಮುನ್ನಿನ ಮಬ್ಬು ಬೆಳಕು ಈ ಪ್ರಯೋಗಕ್ಕೆ ತಾನಾಗಿ ಒದಗಿಬರುತ್ತದೆ.

ಶ್ರೀರಂಗಪಟ್ಟಣದ ಸಮೀಪ ಕಾವೇರಿಯ ನಡುಗಡ್ಡೆಗಳಲ್ಲಿ ಹರಡಿರುವ, ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟಿನಲ್ಲಿ ಬಣ್ಣದ ಕೊಕ್ಕರೆ, ಚಮಚಕೊಕ್ಕಿನ ಹಕ್ಕಿ ಮತ್ತು ನದಿ ರೀವಗಳು ದಿನವಿಡೀ ನೀರಿನ ಮೇಲೆ ಹಾದುಹೋಗುತ್ತಿರುತ್ತವೆ. ಹಕ್ಕಿ ಹಾರುವ ದಿಕ್ಕಿಗೆ ಅದರಷ್ಟೇ ಕೋನವೇಗದಲ್ಲಿ ಕ್ಯಾಮೆರಾವನ್ನು ತಿರುಗಿಸುತ್ತಾ, ಸೆಕೆಂಡಿನ 30ನೆಯ ಅಥವಾ 60ನೆಯ ಒಂದು ಭಾಗದಲ್ಲಿ ಚಿತ್ರ ತೆಗೆಯುವ ಕ್ರಮಕ್ಕೆ ಪ್ಯಾನಿಂಗ್ ಎಂದು ಹೆಸರು. ಆಗ ದಡದ ಬಿದಿರು, ಬಂಡೆ, ನೀರು ಎಲ್ಲವೂ ಅಡ್ಡಗೆರೆಗಳಾಗಿ ಹರಿಯುತ್ತವೆ, ರೆಕ್ಕೆಗಳು ಬೀಸಿದ ದಾರಿಯನ್ನೇ ಬಣ್ಣವಾಗಿ ಉಳಿಸುತ್ತವೆ, ಕಣ್ಣು ಮತ್ತು ತಲೆ ಮಾತ್ರ ಬಹುಮಟ್ಟಿಗೆ ಸ್ಪಷ್ಟವಾಗಿ ನಿಲ್ಲುತ್ತವೆ. ತಲೆ ಹೀಗೆ ನಿಲ್ಲುವುದು ಛಾಯಾಗ್ರಾಹಕನ ಕೈಚಳಕವೊಂದರಿಂದಲೇ ಅಲ್ಲ. ಹಕ್ಕಿಯ ಕಣ್ಣುಗುಡ್ಡೆ ಗೂಡಿನೊಳಗೆ ಮನುಷ್ಯನ ಕಣ್ಣಿನಷ್ಟು ಹೊರಳಲಾರದು. ನೋಟ ಕದಡದಿರಬೇಕಾದರೆ ಮೈಯ ಏರಿಳಿತವನ್ನೆಲ್ಲ ಕುತ್ತಿಗೆಯೇ ಸರಿದೂಗಿಸಿ ತಲೆಯನ್ನು ಸ್ಥಿರವಾಗಿಡಬೇಕು. ಮಸುಕಾದ ಚಿತ್ರವನ್ನು ಸೋತ ಚಿತ್ರವೆಂದು ಅಳಿಸಿಹಾಕುವವರು ಈ ಸಂಗತಿಯನ್ನು ಗಮನಿಸಬೇಕಿತ್ತು: ಹಕ್ಕಿ ತನ್ನ ಮೈಯಲ್ಲಿ ಯಾವುದನ್ನು ಅಲುಗಿಸುತ್ತದೆ, ಯಾವುದನ್ನು ಅಲುಗದಂತೆ ಕಾಯುತ್ತದೆ ಎಂಬುದು ಮೈಯೆಲ್ಲ ಸಮನಾಗಿ ಸ್ಥಗಿತಗೊಂಡ ಚಿತ್ರದಲ್ಲಿ ಕಾಣಿಸುವುದೇ ಇಲ್ಲ.

ಯಾವ ಅವಧಿ ಸೂಕ್ತವೆಂಬುದು ಹಕ್ಕಿಯಿಂದ ಹಕ್ಕಿಗೆ ಬದಲಾಗುತ್ತದೆ. ನಿಧಾನವಾಗಿ ರೆಕ್ಕೆ ಬೀಸುವ ದೊಡ್ಡ ಕೊಕ್ಕರೆಗೆ ಒಪ್ಪುವ ಅವಧಿಯಲ್ಲಿ ಪುಟ್ಟ ಹಕ್ಕಿಯ ರೆಕ್ಕೆ ಗುರುತೇ ಸಿಗದಂತೆ ಕರಗಿಹೋಗುತ್ತದೆ. ದೋಣಿಯಲ್ಲಿ ಕುಳಿತವರಿಗೆ ತೊಡಕು ಇನ್ನೂ ಹೆಚ್ಚು, ಏಕೆಂದರೆ ನೀರಿನ ಅಲುಗಾಟ ಚಿತ್ರವನ್ನು ಮೇಲೆ ಕೆಳಗೆ ಎಳೆಯುತ್ತದೆ. ಅಡ್ಡ ಚಲನೆಯನ್ನು ತಡೆಯದೆ ಲಂಬ ಅಲುಗಾಟವನ್ನಷ್ಟೇ ತಿದ್ದುವ ಸೌಲಭ್ಯ ಕೆಲವು ಟೆಲಿಲೆನ್ಸುಗಳಲ್ಲಿರುವುದು ಈ ಕಾರಣಕ್ಕಾಗಿಯೇ.

ಈ ಎಲ್ಲ ವಿಚಾರ ಒಂದೆಡೆ ಸೇರುವುದು ಕಪ್ಪು ಬಿಳಿ ಮಿಂಚುಳ್ಳಿಯಲ್ಲಿ. ಮೀನನ್ನು ಅರಸುತ್ತಾ ಅದು ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುವಾಗ, ಸೆಕೆಂಡಿನ 60ನೆಯ ಒಂದು ಭಾಗದ ಚಿತ್ರದಲ್ಲಿ ಕೆಳಮುಖವಾದ ಕೊಕ್ಕು ಮತ್ತು ಕಣ್ಣು ಗೆರೆ ಎಳೆದಂತೆ ಸ್ಫುಟವಾಗಿದ್ದು, ರೆಕ್ಕೆಗಳು ಬೂದುಬಿಳಿಯ ಬೀಸಣಿಗೆಗಳಾಗಿ ಹರಡಿಕೊಂಡಿರುತ್ತವೆ. ಅದೇ ಹಕ್ಕಿ ರೆಕ್ಕೆ ಮಡಚಿ ನೀರಿಗೆ ಎರಗಿದ ಕೂಡಲೇ ಆ ಅವಧಿಯಲ್ಲಿ ಒಂದು ಪಟ್ಟೆಯಲ್ಲದೆ ಮತ್ತೇನೂ ಉಳಿಯದು, 2000ನೆಯ ಒಂದು ಭಾಗವೋ ಅದಕ್ಕಿಂತ ಕಿರಿದೋ ಬೇಕಾಗುತ್ತದೆ. ನಡುವೆ ಲೆಕ್ಕ ಹಾಕಲು ಬಿಡುವಿರುವುದಿಲ್ಲ. ಆದ್ದರಿಂದ ಮಿಂಚುಳ್ಳಿಯ ನಡೆಯನ್ನು ಬಲ್ಲ ಛಾಯಾಗ್ರಾಹಕರು ಎರಡೂ ಅವಧಿಗಳನ್ನು ಕ್ಯಾಮೆರಾದ ಎರಡು ಗುಂಡಿಗಳಿಗೆ ಮುಂಚಿತವಾಗಿ ವಹಿಸಿಟ್ಟು, ಹಕ್ಕಿ ರೆಕ್ಕೆ ಮಡಚುವುದನ್ನೇ ಕಾಯುತ್ತಾರೆ.