ಬೀಗರ ಪ್ರಶ್ನೆ, ಅಂಗೈಯ ಲಿಂಗ



ಗೃಹಪ್ರವೇಶಕ್ಕೆ ಹೋಮ ಬೇಡ, ಇಷ್ಟಲಿಂಗಪೂಜೆ, ವಚನ ಪಠಣ ಸಾಕು ಎಂದವರಿಗೆ ಮೊದಲ ಟೀಕೆ ಬರುವುದು ಹೊರಗಿನವರಿಂದಲ್ಲ, ಬೀಗರಿಂದ. "ನಾಳೆ ಏನಾದರೂ ಕೆಡುಕಾದರೆ?" ಈ ಒಂದು ಮಾತಿಗೆ ಹೆದರಿ ರಾತ್ರೋರಾತ್ರಿ ಪುರೋಹಿತರನ್ನು ಕರೆಸಿದವರಿದ್ದಾರೆ.

ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳೇ ಆಕೆಯನ್ನು ಕಟುವಾಗಿ ಪರೀಕ್ಷಿಸಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಉಡುಗೆ ತೊರೆದವಳು ಕೂದಲಿನಿಂದ ಮೈ ಮರೆಮಾಡಿದ್ದೇಕೆ ಎಂಬುದು ಅಲ್ಲಿನ ಒಂದು ಪ್ರಶ್ನೆ. ತುಂಬಿದ ಸಭೆ, ಒಂಟಿ ಹೆಣ್ಣು. ಅಕ್ಕ ಹಿಂದೆ ಸರಿಯಲಿಲ್ಲ. ತಾನು ಬದುಕಿದ್ದನ್ನೇ ನುಡಿದಳು. ಕೊನೆಗೆ ಪ್ರಶ್ನಿಸಿದ ಪ್ರಭುಗಳೇ ಆಕೆಯ ನಿಲುವನ್ನು ಕೊಂಡಾಡಿದರು.

ನಮ್ಮ ಮನೆಗಳಲ್ಲಿ ವಚನ ಸಂಪುಟ ಕಪಾಟಿನಲ್ಲಿದೆ. ಫ.ಗು. ಹಳಕಟ್ಟಿಯವರು ಸ್ವಂತ ಮನೆ ಮಾರಿ ಮುದ್ರಣಾಲಯ ಹಾಕಿದ್ದು ಕಪಾಟು ತುಂಬಿಸಲಿಕ್ಕಲ್ಲ! ತೆರೆದು ಓದಿದರೆ ತಿಳಿಯುತ್ತದೆ: ಲಿಂಗಕ್ಕೂ ಭಕ್ತನಿಗೂ ನಡುವೆ ಮಧ್ಯಸ್ಥರಿಲ್ಲ, ಪೂಜೆಗೆ ರಾಹುಕಾಲವೂ ಇಲ್ಲ.

ಬೀಗರೊಡನೆ ವಾದ ಬೆಳೆಸಬೇಡಿ. ಅವರನ್ನೂ ಕೂರಿಸಿಕೊಂಡು ನಾಲ್ಕು ವಚನ ಓದಿ. ಆಮೇಲೆ ಅಂಗೈಯಲ್ಲಿ ಲಿಂಗ ಹಿಡಿಯಿರಿ. ಅಳುಕುವವನಿಗೆ ದೃಷ್ಟಿ ನಿಲ್ಲದು. ಕಷ್ಟವೇ ಬಾರದಿರಲಿ ಎನ್ನುವ ಬದಲು, ಬಂದರೂ ನಿನ್ನನ್ನು ಬಿಡದ ಮನಸ್ಸು ಕೊಡು ಎಂದು ಕೇಳಿಕೊಳ್ಳಿ. ಪೂಜೆ ಮುಗಿದ ಮೇಲೆ ಪ್ರಸಾದಕ್ಕೆ ಬೀಗರನ್ನೇ ಮೊದಲು ಕರೆಯಿರಿ.