ಬೇಸ್‌ಬಾಲ್ ಮತ್ತು ನಮ್ಮ ಚಿಣಿಪಣಿ



ಬೇಸ್‌ಬಾಲ್ ಬಗ್ಗೆ ಮಾತಾಡುತ್ತೇನೆ ಅಂದಾಗ "ಮರೋಳದಾಗ ಅದ್ಯಾಕ್ರೀ?" ಎಂದು ಒಬ್ಬರು ನಕ್ಕರು. ಎರೆಹೊಲದಲ್ಲಿ ಚಿಣಿಪಣಿ ಆಡಿದವರಿಗೆ ಅದು ತೀರ ಹೊಸದಲ್ಲ. ಹಾರಿದ್ದನ್ನು ಕೋಲಿನಿಂದ ಹೊಡೆಯಬೇಕು, ಅಷ್ಟೇ.

ಅಲ್ಲಿ ಚೆಂಡು 18.44 ಮೀಟರ್ ದೂರದಿಂದ ಅರ್ಧ ಸೆಕೆಂಡಿನೊಳಗೆ ಬಂದುಬಿಡುತ್ತದೆ. ಕ್ರಿಕೆಟ್ ಸ್ಪಿನ್ನರಿಗೆ ನೆಲದ ಪುಟಿತ ಉಂಟು. ಇಲ್ಲಿ ಚೆಂಡು ಪುಟಿಯುವುದಿಲ್ಲ, ಗಾಳಿಯೇ ಆಸರೆ. ತಿರುಗುವ ಚೆಂಡು ಗಾಳಿಯನ್ನು ಒಂದು ಕಡೆ ತಳ್ಳುತ್ತದೆ, ಗಾಳಿ ಚೆಂಡನ್ನು ಎದುರು ಕಡೆಗೆ. ನ್ಯೂಟನ್ನನ ಮೂರನೆಯ ನಿಯಮ! ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ನನಗೆ ಇದು ಬಹಳ ತಡವಾಗಿ ತಿಳಿಯಿತು.

ಆದರೆ ಮೈದಾನಕ್ಕಿಳಿಯಲು ಯಾರನ್ನು ಬಿಡುತ್ತಾರೆ? ಅಮೆರಿಕದ ದೊಡ್ಡ ಲೀಗುಗಳು ದಶಕಗಟ್ಟಲೆ ಕಪ್ಪು ವರ್ಣೀಯರನ್ನು ಹೊರಗಿಟ್ಟಿದ್ದವು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡಕ್ಕೆ ಆಡಿದ ಮೇಲೆ ಆ ಬಾಗಿಲು ತೆರೆಯಿತು.

ಅದಕ್ಕೂ ಎಷ್ಟೋ ಮೊದಲು, ನಮ್ಮ ಧಾರವಾಡದಲ್ಲಿ ಹುಟ್ಟಿದ ದಲಿತ ಕುಟುಂಬದ ಪಾಲ್ವಂಕರ್ ಬಾಲು ಪುಣೆಯಲ್ಲಿ ಹಿಂದೂ ತಂಡಕ್ಕೆ ಎಡಗೈ ಸ್ಪಿನ್ ಹಾಕುತ್ತಿದ್ದರು. ಜೊತೆಗಾರರು ಮುಟ್ಟಿದ ಚೆಂಡನ್ನು ಮುಟ್ಟಬಹುದಿತ್ತು. ಅವರ ಚಹಾದ ಕಪ್ಪನ್ನು ಮುಟ್ಟುವಂತಿರಲಿಲ್ಲ. ಇವರಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಆದರೂ ಹಿಂದೂ ತಂಡದ ನಾಯಕತ್ವ ಆ ಮನೆಗೆ ಬಂದದ್ದು 1923ರಲ್ಲಿ, ತಮ್ಮ ವಿಠಲರಿಗೆ.

ದೂರದವರ ಮಾತೇಕೆ? ನಾವು ಆಡುವಾಗ ನಮ್ಮ ತರಗತಿಯ ಹುಡುಗಿಯರು ಬದುವಿನ ಮೇಲೆ ಕೂತು, ಕಳೆದ ಚಿಣಿ ಹುಡುಕಿ ಕೊಡುತ್ತಿದ್ದರು. ಕೋಲನ್ನು ಒಮ್ಮೆಯಾದರೂ ಅವರ ಕೈಗೆ ಕೊಟ್ಟ ನೆನಪು ನನಗಿಲ್ಲ.